ಮನೆಯಲ್ಲಿರುವ ಬಂದೂಕು ಯಾರನ್ನು ಕಾಯುತ್ತದೆ?

2025ರ ಜನವರಿ 16. ಬೀದರ್ ಪೇಟೆಯ ನಡುವೆ, ಹಾಡಹಗಲು. ಎಟಿಎಂಗೆ ತುಂಬಲು ಹಣ ತಂದಿದ್ದ ಸಿಬ್ಬಂದಿಯ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಗುಂಡು ಹಾರಿಸಿದರು. ಒಬ್ಬರು ಸತ್ತರು, ಇನ್ನೊಬ್ಬರು ಗಾಯಗೊಂಡರು. ಹಣದ ಪೆಟ್ಟಿಗೆಯನ್ನು ಬೈಕಿನ ಮೇಲೆ ಇಟ್ಟುಕೊಂಡು ಹೋಗುವ ವಿಡಿಯೊ ನಮ್ಮ ಭಾಗದ ಎಲ್ಲರ ಫೋನಿಗೂ ಬಂತು.

ಅದಾದ ನಾಲ್ಕೈದು ದಿನಕ್ಕೆ ಕಾಕಾನ ಮಗ ಫೋನ್ ಮಾಡಿದ. ಅವನದು ಕಲಬುರಗಿಯ ಗಂಜಿನಲ್ಲಿ, ಅಂದರೆ ಸಗಟು ಮಾರುಕಟ್ಟೆಯಲ್ಲಿ, ತೊಗರಿ ವ್ಯಾಪಾರ. "ಅಣ್ಣಾ, ದಿನಾ ರೊಕ್ಕ ಹಿಡ್ಕೊಂಡು ತಿರಗಾಡೋ ಮಂದಿ ನಾವು. ಒಂದು ಪಿಸ್ತೂಲ್ ಲೈಸೆನ್ಸ್ ಮಾಡಿಸ್ಬೇಕಂತ ಮಾಡೀನಿ. ಮನ್ಯಾಗ ಇದ್ರ ಧೈರ್ಯ ಇರ್ತದ. ಏನಂತಿ?" ಅಂದ.

ಅವನ ಭಯ ಸುಳ್ಳಲ್ಲ. ಆ ವಾರ ನನಗೂ ಭಯ ಇತ್ತು. ಆದರೆ "ಮನ್ಯಾಗ ಇದ್ರ ಧೈರ್ಯ" ಅನ್ನುವ ಮಾತು ನಿಜವೇ? ಇದನ್ನು ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಲೆಕ್ಕ ಹಾಕಿ ನೋಡಿದವರಿದ್ದಾರೆ. ಅವತ್ತು ಫೋನಿನಲ್ಲಿ ಅವನಿಗೆ ಸರಿಯಾಗಿ ಹೇಳಲು ಆಗಲಿಲ್ಲ. ಆಮೇಲೆ ಎದುರು ಕೂತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಜಗತ್ತಿನಲ್ಲಿ ಎಷ್ಟು ಬಂದೂಕುಗಳಿವೆ ಅಂತ ನೋಡೋಣ. ಸ್ಮಾಲ್ ಆರ್ಮ್ಸ್ ಸರ್ವೇ ಎಂಬ ಸಂಸ್ಥೆ 2017ಕ್ಕೆ ಒಂದು ಅಂದಾಜು ಹಾಕಿತು. ಸೈನ್ಯ, ಪೊಲೀಸರನ್ನು ಬಿಟ್ಟು, ಸಾಮಾನ್ಯ ಜನರ ಕೈಯಲ್ಲೇ 85.7 ಕೋಟಿ ಬಂದೂಕುಗಳಿವೆ. ಅದರಲ್ಲಿ 39.3 ಕೋಟಿ ಅಮೆರಿಕ ಒಂದರಲ್ಲೇ ಇವೆ. ಅಂದರೆ ಅಲ್ಲಿ 100 ಜನಕ್ಕೆ ಸುಮಾರು 120 ಬಂದೂಕು. ಹಸುಗೂಸನ್ನು ಸೇರಿಸಿ ಎಣಿಸಿದರೂ ಜನರಿಗಿಂತ ಬಂದೂಕೇ ಜಾಸ್ತಿ. ಭಾರತದಲ್ಲಿ 100 ಜನಕ್ಕೆ ಸುಮಾರು 5.

ಅಮೆರಿಕದಲ್ಲಿ ಹೊಡೆದಾಟ, ಕಳ್ಳತನ ಉಳಿದ ಶ್ರೀಮಂತ ದೇಶಗಳಿಗಿಂತ ತೀರಾ ಜಾಸ್ತಿ ಏನೂ ಇಲ್ಲ. ಜಗಳ ಎಲ್ಲ ಕಡೆಯೂ ಆಗುತ್ತದೆ. ವ್ಯತ್ಯಾಸ ಇರುವುದು ಜಗಳ ಮುಗಿಯುವ ರೀತಿಯಲ್ಲಿ. 2010ರ ಅಂಕಿಗಳನ್ನು ಹೋಲಿಸಿದಾಗ, ಬಂದೂಕಿನಿಂದ ಆಗುವ ಕೊಲೆಯ ಪ್ರಮಾಣ ಅಲ್ಲಿ ಉಳಿದ ಶ್ರೀಮಂತ ದೇಶಗಳಿಗಿಂತ ಸುಮಾರು 25 ಪಟ್ಟು ಇತ್ತು.

ಬಂದೂಕಿನ ಸಾವು ಅಂದ ಕೂಡಲೇ ನಮಗೆ ನೆನಪಾಗುವುದು ದರೋಡೆ, ಗ್ಯಾಂಗು, ಶಾಲೆಯೊಳಗೆ ನುಗ್ಗಿ ಹೊಡೆಯುವವರು. ಲೆಕ್ಕ ಬೇರೆಯದನ್ನೇ ಹೇಳುತ್ತದೆ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ 48,830 ಜನ ಸತ್ತರು. ಅದರಲ್ಲಿ 26,328 ಆತ್ಮಹತ್ಯೆಗಳು. ಅರ್ಧಕ್ಕಿಂತ ಜಾಸ್ತಿ. ಅಲ್ಲಿ ಕಳ್ಳನೂ ಇಲ್ಲ, ವೈರಿಯೂ ಇಲ್ಲ. ಮನೆಯದೇ ಬಂದೂಕು, ಮನೆಯವರದೇ ಜೀವ. ಮೊದಲ ಸಲ ಓದಿದಾಗ ನಾನು ಆ ಅಂಕಿಯನ್ನು ಎರಡು ಸಲ ನೋಡಿದ್ದೆ.

ಮನೆಯಲ್ಲಿ ಬಂದೂಕು ಇದ್ದರೆ ಆ ಮನೆಯವರಿಗೆ ಏನಾಗುತ್ತದೆ ಎಂದು ಕೇಳಿದ ಹೆಸರಾಂತ ಅಧ್ಯಯನ 1993ರದು. ಆರ್ಥರ್ ಕೆಲ್ಲರ್‌ಮನ್ ಎಂಬ ವೈದ್ಯರು ಮತ್ತು ಜೊತೆಗಾರರು ಮನೆಯೊಳಗೇ ಕೊಲೆಯಾದವರನ್ನು ಅದೇ ಓಣಿಯ, ಅದೇ ವಯಸ್ಸಿನ ಬೇರೆಯವರ ಜೊತೆ ಹೋಲಿಸಿದರು. ಬಂದೂಕು ಇದ್ದ ಮನೆಯಲ್ಲಿ ಕೊಲೆಯ ಅಪಾಯ 2.7 ಪಟ್ಟು ಕಂಡಿತು. ಕೊಂದವರಲ್ಲಿ ಬಹಳಷ್ಟು ಮಂದಿ ಗಂಡ, ಹೆಂಡತಿ, ನೆಂಟರು, ಪರಿಚಯದವರು. ಗೋಡೆ ಹಾರಿ ಬಂದವರು ಕಡಿಮೆ.

2020ರಲ್ಲಿ ಇನ್ನೂ ದೊಡ್ಡ ಕೆಲಸ ಆಯಿತು. ಕ್ಯಾಲಿಫೋರ್ನಿಯಾದ 2.6 ಕೋಟಿ ಜನರ ದಾಖಲೆಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಪಿಸ್ತೂಲು ಇಟ್ಟುಕೊಂಡ ಗಂಡಸರು ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಸಾಧ್ಯತೆ, ಇಲ್ಲದವರಿಗಿಂತ ಸುಮಾರು 8 ಪಟ್ಟು. ಹೆಂಗಸರಲ್ಲಿ ಸುಮಾರು 35 ಪಟ್ಟು.

ಇಲ್ಲಿ ಒಬ್ಬ ಜಾಣ ಓದುಗ ತಡೆಯುತ್ತಾನೆ, ತಡೆಯಲೇಬೇಕು. ಬಂದೂಕು ಇದ್ದದ್ದಕ್ಕೆ ಅಪಾಯ ಬಂತೋ, ಅಪಾಯ ಇದ್ದದ್ದಕ್ಕೆ ಬಂದೂಕು ತಂದರೋ? ನಮ್ಮ ಬೋರ್‌ವೆಲ್ ಕಥೆಯೂ ಹೀಗೇ ಅಲ್ವಾ. ಬರ ಇರುವ ಊರಲ್ಲಿ ಬೋರ್ ಜಾಸ್ತಿ. ಅಷ್ಟು ನೋಡಿ ಬೋರ್‌ನಿಂದಲೇ ಬರ ಬಂತು ಅನ್ನಲು ಬರುವುದಿಲ್ಲ. ನೀರಿಲ್ಲ ಅಂತ ಬೋರ್ ಹಾಕಿಸಿದರು. ಆಮೇಲೆ ಬೋರ್ ಜಾಸ್ತಿಯಾಗಿ ಅಂತರ್ಜಲ ಇನ್ನೂ ಕೆಳಗೆ ಹೋಯಿತು. ಎರಡೂ ನಿಜ. ಬಂದೂಕಿನ ವಿಷಯದಲ್ಲೂ ಎರಡೂ ದಾರಿ ಇವೆ. ಅದಕ್ಕೇ ಜನ ಅದೇ ಜನ, ಮನಸ್ಸು ಅದೇ ಮನಸ್ಸು, ಬಂದೂಕು ಮಾತ್ರ ದೂರ ಹೋದ ಸಂದರ್ಭಗಳನ್ನು ಹುಡುಕಬೇಕು.

ಇಸ್ರೇಲ್ ಸೈನ್ಯದಲ್ಲಿ ಅಂಥದ್ದೊಂದು ಸಿಕ್ಕಿತು. ಅಲ್ಲಿ ಹರೆಯದ ಸೈನಿಕರು ವಾರದ ಕೊನೆಗೆ ಮನೆಗೆ ಹೋಗುವಾಗ ರೈಫಲ್ ಜೊತೆಗೇ ಒಯ್ಯುತ್ತಿದ್ದರು. 2006ರಲ್ಲಿ ಅದನ್ನು ಶಿಬಿರದಲ್ಲೇ ಬಿಟ್ಟು ಹೋಗುವ ನಿಯಮ ಬಂತು. ಸೈನಿಕರ ಆತ್ಮಹತ್ಯೆ ಸುಮಾರು 40 ಶೇಕಡಾ ಇಳಿಯಿತು. ಇಳಿದದ್ದು ವಾರದ ಕೊನೆಯ ದಿನಗಳಲ್ಲಿ. ವಾರದ ನಡುವಿನ ದಿನಗಳಲ್ಲಿ ಹೇಳುವಂಥ ಬದಲಾವಣೆ ಆಗಲಿಲ್ಲ. ಅದೇ ಹುಡುಗರು, ಅದೇ ಒತ್ತಡ. ಎರಡು ದಿನ ರೈಫಲ್ ಪಕ್ಕದಲ್ಲಿ ಇರಲಿಲ್ಲ, ಅಷ್ಟೇ.

"ಸಾಯಬೇಕು ಅಂದುಕೊಂಡವನು ಬೇರೆ ದಾರಿ ಹುಡುಕ್ತಾನ ಬಿಡು" ಅನ್ನುತ್ತೇವೆ. ನಮ್ಮ ಕಡೆ ಇದು ಗಾದೆಯಷ್ಟೇ ಹಳೆಯ ಮಾತಾಗಿದೆ. ಇದು ತಪ್ಪು ಅಂತ ನಮಗೆ ತಿಳಿಸಿಕೊಡಲು ಬಂದೂಕಿಗಿಂತ ಹತ್ತಿರದ ಉದಾಹರಣೆ ಇದೆ. ಅದು ತೊಗರಿ ಹೊಲದ ಔಷಧ.

ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳಲ್ಲಿ ಎಷ್ಟು ಮನೆಗಳಲ್ಲಿ ಕ್ರಿಮಿನಾಶಕದ ಡಬ್ಬಿ ಹಿತ್ತಲಲ್ಲೋ, ದನದ ಕೊಟ್ಟಿಗೆಯಲ್ಲೋ, ಮಲಗುವ ಮಂಚದ ಕೆಳಗೋ ಇರುತ್ತದೆ. ಬೆಳೆ ಹೋಯಿತು, ಸಾಲದವರು ಬಂದರು, ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಕೈ ಚಾಚಿದರೆ ಡಬ್ಬಿ. ದೇಶದಲ್ಲಿ ಆತ್ಮಹತ್ಯೆಯಿಂದ ಸಾಯುವವರಲ್ಲಿ ಕಾಲು ಭಾಗದಷ್ಟು ಜನ ವಿಷದಿಂದ ಸಾಯುತ್ತಾರೆ ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ (ಎನ್‌ಸಿಆರ್‌ಬಿ) 2022ರ ಲೆಕ್ಕ ಹೇಳುತ್ತದೆ. ಶ್ರೀಲಂಕಾದಲ್ಲಿ ಇದು ಇನ್ನೂ ಕೆಟ್ಟದಾಗಿತ್ತು. ಅವರು 1995ರಿಂದ ತೀರಾ ವಿಷಕಾರಿ ಕ್ರಿಮಿನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತಾ ಬಂದರು. ಇಪ್ಪತ್ತು ವರ್ಷದಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು 70 ಶೇಕಡಾ ಇಳಿಯಿತು. ವಿಷ ಕುಡಿದು ಆಸ್ಪತ್ರೆಗೆ ಬರುವವರು ಅಷ್ಟೇನೂ ಕಡಿಮೆಯಾಗಲಿಲ್ಲ. ಬಂದವರು ಬದುಕಿ ಮನೆಗೆ ಹೋದರು.

ಅಮೆರಿಕದ ಹ್ಯೂಸ್ಟನ್‌ನಲ್ಲಿ ಸಾವಿನ ಅಂಚಿನಿಂದ ವಾಪಸ್ ಬಂದ ಹರೆಯದವರನ್ನು ಕೇಳಿದಾಗ, ತೀರ್ಮಾನಕ್ಕೂ ಕೆಲಸಕ್ಕೂ ನಡುವೆ ಐದು ನಿಮಿಷವೂ ಇರಲಿಲ್ಲ ಎಂದವರು ಸುಮಾರು ನಾಲ್ಕರಲ್ಲಿ ಒಬ್ಬರು. ಹಾಗೆ ಬದುಕಿ ಉಳಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ ಎಂದು ಬೇರೆ ಅಧ್ಯಯನಗಳು ತೋರಿಸಿವೆ. ಆ ಐದು ನಿಮಿಷ ದಾಟಿಸಿದರೆ ಒಂದು ಇಡೀ ಬದುಕು ಉಳಿಯುತ್ತದೆ. ಬಂದೂಕು ಆ ಐದು ನಿಮಿಷವನ್ನೇ ಕೊಡುವುದಿಲ್ಲ. ಬಂದೂಕಿನಿಂದ ಆತ್ಮಹತ್ಯೆಗೆ ಕೈ ಹಾಕಿದವರಲ್ಲಿ ಸುಮಾರು ಹತ್ತಕ್ಕೆ ಒಂಬತ್ತು ಮಂದಿ ಉಳಿಯುವುದಿಲ್ಲ. ಆಸ್ಪತ್ರೆಗೆ ಒಯ್ಯಲು, ಮನಸ್ಸು ಬದಲಾಗಲು, ಯಾರಾದರೂ ಬಾಗಿಲು ಬಡಿಯಲು ಸಮಯವೇ ಇರುವುದಿಲ್ಲ. ಇದನ್ನು ಓದುತ್ತಿರುವ ಯಾರಿಗಾದರೂ ಅಂಥ ಗಳಿಗೆ ಬಂದಿದ್ದರೆ ದಯವಿಟ್ಟು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ಹಗಲು ರಾತ್ರಿ ಇರುತ್ತದೆ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.

ಸಿಟ್ಟಿನ ಗಳಿಗೆಯೂ ಹೀಗೇ. ನಮ್ಮ ಮುತ್ಯಾನ ಹತ್ತಿರ ಒಂದು ಜೋಡಿ ನಳಿಗೆಯ ಬಂದೂಕು ಇತ್ತು. ಲೈಸೆನ್ಸ್ ಇತ್ತು, ಕಾಡುಹಂದಿ ಓಡಿಸಲು ಇಟ್ಟಿದ್ದ. ಪಡಸಾಲೆಯ ಗೂಟಕ್ಕೆ ತೂಗುಹಾಕಿರುತ್ತಿದ್ದ. ಮಹಾನವಮಿಗೆ ಅದಕ್ಕೂ ವಿಭೂತಿ, ಕುಂಕುಮ, ಹೂವು. ನಾವು ಹುಡುಗರು ಅದರ ಕೆಳಗೆ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಒಂದು ಸಂಜೆ ಬದುವಿನ ಜಗಳ ಆಯಿತು. ಪಕ್ಕದ ಹೊಲದವರು ಬದು ಒತ್ತಿ ಗಳೆ ಹೊಡೆದಿದ್ದರು. ಕಾಕಾ ಆಗ ಇಪ್ಪತ್ತೆರಡರ ಹುಡುಗ. ಅಂಗಳದಿಂದ ಒಳಗೆ ಓಡಿ ಬಂದು ಬಂದೂಕು ಕೆಳಗಿಳಿಸಿದ. ಕಾಡತೂಸು ಇಡುವ ಗೂಡಿನಲ್ಲಿ ಏನೂ ಇರಲಿಲ್ಲ. ಜಗಳದ ಮೊದಲ ಮಾತು ಕೇಳಿದಾಗಲೇ ಆಯಿ ಅವನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಜೋಳದ ಚೀಲದೊಳಗೆ ಹುಗಿದಿದ್ದಳು. ಕಾಕಾ ಕೂಗಾಡಿದ, ಆಯಿ ರೊಟ್ಟಿ ಬಡಿಯುತ್ತಾ ಕೂತಿದ್ದಳು. ಎರಡು ವಾರಕ್ಕೆ ಅದೇ ಪಕ್ಕದ ಹೊಲದವರು ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿದರು. ಇವತ್ತು ಗಂಜಿನಲ್ಲಿ ಪಿಸ್ತೂಲು ಬೇಕು ಅನ್ನುತ್ತಿರುವವನು ಆ ಕಾಕಾನ ಮಗ.

ಆಯಿ ಮಾಡಿದ್ದು ಸರಿ ಅಂತ ಆಮೇಲೆ ಲೆಕ್ಕಗಳೂ ಹೇಳಿದವು. 2005ರ ಒಂದು ಅಮೆರಿಕನ್ ಅಧ್ಯಯನದಲ್ಲಿ, ಬಂದೂಕಿಗೆ ಬೀಗ ಹಾಕಿ, ಗುಂಡು ತುಂಬದೆ, ಕಾಡತೂಸನ್ನು ಬೇರೆ ಕಡೆ ಬೀಗದಲ್ಲಿ ಇಟ್ಟ ಮನೆಗಳಲ್ಲಿ ಮಕ್ಕಳು, ಹರೆಯದವರು ಆತ್ಮಹತ್ಯೆಯಿಂದಲೋ ಆಕಸ್ಮಿಕವಾಗಿಯೋ ಗುಂಡೇಟಿಗೆ ಸಿಗುವುದು ಕಡಿಮೆ ಕಂಡಿತು. 2020ರಿಂದ ಅಮೆರಿಕದ ಮಕ್ಕಳು ಮತ್ತು ಹರೆಯದವರು ಸಾಯಲು ಮೊದಲ ಕಾರಣವೇ ಬಂದೂಕು. ರಸ್ತೆ ಅಪಘಾತವನ್ನೂ ಅದು ಹಿಂದೆ ಹಾಕಿದೆ.

ಮನೆಯ ಹೆಂಗಸರ ವಿಷಯ ಇನ್ನೂ ಗಟ್ಟಿಯಾಗಿ ಹೇಳಬೇಕು. ಗಂಡ ಹೊಡೆಯುವವನಾಗಿದ್ದು, ಅವನ ಕೈಗೆ ಬಂದೂಕೂ ಸಿಗುವಂತಿದ್ದರೆ, ಹೆಂಡತಿ ಕೊಲೆಯಾಗುವ ಅಪಾಯ ಸುಮಾರು ಐದು ಪಟ್ಟು ಎಂದು 2003ರ ಅಧ್ಯಯನವೊಂದು ಹೇಳಿತು. "ಮನ್ಯಾಗ ಇದ್ರ ಧೈರ್ಯ" ಅನ್ನುವಾಗ ಯಾರ ಧೈರ್ಯ ಅಂತ ಮನೆಯ ಹೆಂಗಸರನ್ನು ಒಮ್ಮೆ ಕೇಳಬೇಕು. ನನ್ನ ಮಟ್ಟಿಗೆ ಲೈಸೆನ್ಸ್ ಅರ್ಜಿಯ ಮೇಲೆ ಮೊದಲ ಸಹಿ ಅವರದೇ ಇರಬೇಕು.

ಹಾಗಾದರೆ ಬಂದೂಕು ಜಾಸ್ತಿ ಇದ್ದಲ್ಲೆಲ್ಲ ಕೊಲೆ ಜಾಸ್ತಿಯೇ? ಹಾಗಿಲ್ಲ. ಸ್ವಿಟ್ಜರ್ಲೆಂಡ್, ಫಿನ್ಲೆಂಡ್, ಕೆನಡಾಗಳಲ್ಲಿ 100 ಜನಕ್ಕೆ ಸುಮಾರು 27ರಿಂದ 35 ಬಂದೂಕುಗಳಿವೆ. ಕೊಲೆ ಕಡಿಮೆ. ಅಲ್ಲಿ ಬಹಳಷ್ಟು ಬೇಟೆಯ ಬಂದೂಕುಗಳು, ಕೆಲವು ಸೈನ್ಯದವು. ದಾಖಲೆ ಇದೆ, ಪರೀಕ್ಷೆ ಇದೆ, ಇಡುವ ನಿಯಮ ಇದೆ. ಹೊಂಡುರಾಸ್, ಎಲ್ ಸಾಲ್ವಡಾರ್‌ನಂಥ ದೇಶಗಳಲ್ಲಿ ಇದಕ್ಕಿಂತ ಕಡಿಮೆ ಬಂದೂಕುಗಳಿದ್ದೂ ವರ್ಷಗಟ್ಟಲೆ ರಕ್ತ ಹರಿಯಿತು, ಯಾಕೆಂದರೆ ಅವು ಗ್ಯಾಂಗುಗಳ ಕೈಯಲ್ಲಿದ್ದವು. 2016ರಲ್ಲಿ ಜಗತ್ತಿನಾದ್ಯಂತ ಬಂದೂಕಿನಿಂದ ಸುಮಾರು 2.5 ಲಕ್ಷ ಜನ ಸತ್ತರು. ಅದರಲ್ಲಿ ಅರ್ಧದಷ್ಟು ಬ್ರೆಜಿಲ್, ಅಮೆರಿಕ, ಮೆಕ್ಸಿಕೊ, ಕೊಲಂಬಿಯಾ, ವೆನೆಜುವೆಲಾ, ಗ್ವಾಟೆಮಾಲಾ, ಈ ಆರು ದೇಶಗಳಲ್ಲೇ. ಎಷ್ಟಿವೆ ಅನ್ನುವುದರ ಜೊತೆಗೆ ಯಾವುವು, ಯಾರ ಹತ್ತಿರ, ಹೇಗೆ ಇಟ್ಟಿದ್ದಾರೆ ಅನ್ನುವುದೂ ಮುಖ್ಯ.

ಆಸ್ಟ್ರೇಲಿಯಾದ ಕಥೆ ಎಲ್ಲರೂ ಹೇಳುತ್ತಾರೆ. 1996ರ ಏಪ್ರಿಲ್ 28ರಂದು ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ 35 ಜನರನ್ನು ಕೊಂದ. ಸರ್ಕಾರ ಕಾನೂನು ಬಿಗಿ ಮಾಡಿ ಸುಮಾರು 6.5 ಲಕ್ಷ ಬಂದೂಕುಗಳನ್ನು ದುಡ್ಡು ಕೊಟ್ಟು ವಾಪಸ್ ಪಡೆದು ನಾಶ ಮಾಡಿತು. ಬಂದೂಕಿನ ಸಾವುಗಳು, ಅದರಲ್ಲೂ ಆತ್ಮಹತ್ಯೆಗಳು ಇಳಿದವು. ಅವು ಮೊದಲಿನಿಂದಲೂ ಇಳಿಯುತ್ತಲೇ ಇದ್ದವು, ಹಾಗಾಗಿ ಕಾನೂನಿನ ಪಾಲು ಎಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ. ಇಸ್ರೇಲ್ ಸೈನ್ಯದ ಲೆಕ್ಕದಷ್ಟು ಅದು ಸ್ವಚ್ಛವಾಗಿಲ್ಲ.

ಈಗ ನಮ್ಮ ಕಡೆ ಬರೋಣ. ಅಮೆರಿಕದ ಅಂಕಿಗಳನ್ನು ಹಾಗೇ ತಂದು ಕಲಬುರಗಿಗೆ ಹಚ್ಚಲು ಬರುವುದಿಲ್ಲ. 2016ರ ಕೊನೆಗೆ ಇಡೀ ದೇಶದಲ್ಲಿ ಇದ್ದದ್ದು ಸುಮಾರು 33.7 ಲಕ್ಷ ಲೈಸೆನ್ಸ್. ಉತ್ತರ ಪ್ರದೇಶ ಒಂದರಲ್ಲೇ 12.77 ಲಕ್ಷ, ಕರ್ನಾಟಕದಲ್ಲಿ ಸುಮಾರು 1.13 ಲಕ್ಷ. ಆದರೆ ಸ್ಮಾಲ್ ಆರ್ಮ್ಸ್ ಸರ್ವೇ ಅಂದಾಜಿನಂತೆ ಭಾರತೀಯರ ಹತ್ತಿರ ಇರುವ 7 ಕೋಟಿಗೂ ಜಾಸ್ತಿ ಬಂದೂಕುಗಳಲ್ಲಿ 6 ಕೋಟಿಗೂ ಜಾಸ್ತಿ ದಾಖಲೆಯೇ ಇಲ್ಲದವು. ನಮ್ಮಲ್ಲಿ ಬಂದೂಕಿನಿಂದ ಆಗುವ ಕೊಲೆಗಳಲ್ಲಿ ಬಹುಪಾಲು ಲೈಸೆನ್ಸ್ ಇಲ್ಲದ ಆಯುಧದಿಂದಲೇ ಆಗುತ್ತವೆ.

ಭೀಮಾ ತೀರ ಅಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ನಾಡ ಪಿಸ್ತೂಲು. ಅಫಜಲಪುರ, ಇಂಡಿ, ಚಡಚಣ ಕಡೆಯವರಿಗೆ ಈ ಹೆಸರು ಬೇಸರ ತರಿಸುತ್ತದೆ. ಅಲ್ಲಿ ಇರುವವರಲ್ಲಿ ಜೋಳ, ಕಬ್ಬು, ನಿಂಬೆ ಬೆಳೆಯುವ ರೈತರೇ ಜಾಸ್ತಿ. ಬಿಹಾರದ ಮುಂಗೇರ್, ಮಧ್ಯಪ್ರದೇಶದ ಖರ್ಗೋನ್, ಬಡವಾನಿ ಕಡೆ ಸಣ್ಣ ಕುಲುಮೆಗಳಲ್ಲಿ ತಯಾರಾಗುವ ಪಿಸ್ತೂಲುಗಳು ಕೈಯಿಂದ ಕೈಗೆ ದಾಟಿ ದೇಶದ ತುಂಬ ಹರಡುತ್ತವೆ. 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ಮನೆಯ ಮುಂದೆ ಗೌರಿ ಲಂಕೇಶ್. ಇಬ್ಬರನ್ನೂ ಕೊಂದದ್ದು 7.65 ಎಂಎಂ ನಾಡ ಪಿಸ್ತೂಲು ಎಂದು ತನಿಖೆಯಲ್ಲಿ ತಿಳಿಯಿತು.

ಕಾಕಾನ ಮಗ ಇದನ್ನೇ ಹಿಡಿದುಕೊಂಡ. "ಕಳ್ಳರ ಹತ್ರ ಲೈಸೆನ್ಸ್ ಇಲ್ಲ, ಪಿಸ್ತೂಲ್ ಅದ. ನಮ್ಮ ಹತ್ರ ಎರಡೂ ಇಲ್ಲ. ಇದು ಯಾವ ನ್ಯಾಯ?" ಅಂದ. ನ್ಯಾಯವಾದ ಪ್ರಶ್ನೆಯೇ. ಆದರೆ ದರೋಡೆಗೆ ಬಂದವನು ಸಮಯ, ಜಾಗ ಎರಡನ್ನೂ ಆರಿಸಿಕೊಂಡು ಬಂದಿರುತ್ತಾನೆ. ಅವನ ಕೈಯಲ್ಲಿ ಪಿಸ್ತೂಲು ಮೊದಲೇ ಇರುತ್ತದೆ. ನಮ್ಮದು ಸೊಂಟದಿಂದ ಹೊರಗೆ ಬರಬೇಕು. ಫಿಲಡೆಲ್ಫಿಯಾ ನಗರದಲ್ಲಿ ಗುಂಡೇಟು ತಿಂದವರನ್ನು ಬೇರೆಯವರ ಜೊತೆ ಹೋಲಿಸಿ ನೋಡಿದ 2009ರ ಅಧ್ಯಯನದಲ್ಲಿ, ಜೊತೆಯಲ್ಲಿ ಬಂದೂಕು ಇದ್ದವರಿಗೆ ಗುಂಡು ತಗಲುವ ಸಾಧ್ಯತೆ ಸುಮಾರು 4.5 ಪಟ್ಟು ಇತ್ತು. ನಾಡ ಪಿಸ್ತೂಲನ್ನು ತಡೆಯಬೇಕಾದದ್ದು ಕುಲುಮೆಯಲ್ಲಿ, ರೈಲಿನಲ್ಲಿ, ಲಾಡ್ಜಿನಲ್ಲಿ. ಅದು ಪೊಲೀಸರ ಕೆಲಸ, ಅದನ್ನು ಕೇಳುವ ಹಕ್ಕು ನಮಗಿದೆ. ಇವನ ಲೈಸೆನ್ಸ್ ಆ ಕೆಲಸವನ್ನು ಮಾಡುವುದಿಲ್ಲ. ಹೊರಗಿನ ಅಪಾಯ ಹಾಗೇ ಇರುತ್ತದೆ, ಒಳಗೊಂದು ಹೊಸದು ಬಂದು ಸೇರುತ್ತದೆ.

ಬೀದರಿನ ಮಹಮೂದ್ ಗವಾನ್ ಮದರಸಾ ಮುಂದೆ ನಿಂತಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ. 1472ರ ಕಟ್ಟಡ, ಓದುವವರಿಗಾಗಿ ಕಟ್ಟಿದ್ದು. ಈಗ ಒಂದು ಮಿನಾರು ನಿಂತಿದೆ, ಮುಂಭಾಗದ ಇನ್ನೊಂದು ಕಡೆ ಇಲ್ಲ. ಔರಂಗಜೇಬನ ಕಾಲದಲ್ಲಿ ಅಲ್ಲಿ ಸೈನಿಕರನ್ನು ಇರಿಸಿ, ಸಿಡಿಮದ್ದು ತುಂಬಿದ್ದರು. 17ನೇ ಶತಮಾನದ ಕೊನೆಗೆ ಆ ಮದ್ದೇ ಸಿಡಿದು ಗೋಡೆ ಬಿತ್ತು. ಯಾವ ವೈರಿಯೂ ಅದಕ್ಕೆ ಫಿರಂಗಿ ಹೊಡೆದಿರಲಿಲ್ಲ.

ನಮ್ಮ ಜನಕ್ಕೆ ಆಯುಧ ಸುಮ್ನೆ ವಸ್ತುವಲ್ಲ, ಅದನ್ನೂ ಮರೆಯಬಾರದು. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಅಂದಾಗ ಹಲಗಲಿಯ ಬೇಡರು ಒಪ್ಪದೆ ಜೀವ ಕೊಟ್ಟರು. ಮರುವರ್ಷ ನಮ್ಮ ಸುರಪುರದಲ್ಲಿ ರಾಜಾ ವೆಂಕಟಪ್ಪ ನಾಯಕ ಎದ್ದು ನಿಂತ. 1878ರ ಆಯುಧ ಕಾನೂನು ಭಾರತೀಯರ ಕೈ ಖಾಲಿ ಮಾಡಲೆಂದೇ ಬಂದದ್ದು. ಕೊಡವರಿಗೆ ಲೈಸೆನ್ಸಿನಿಂದ ಕೊಟ್ಟ ವಿನಾಯಿತಿ ಇವತ್ತಿಗೂ ನಡೆದಿದೆ, 2029ರವರೆಗೆ ಮುಂದುವರಿಸಿದ್ದಾರೆ. ಅಂಥ ನೆಲದಲ್ಲಿ "ಬಂದೂಕು ಬೇಡ" ಅಂದರೆ "ಮರ್ಯಾದೆ ಬೇಡ" ಅಂದಂತೆ ಕೆಲವರಿಗೆ ಕೇಳಿಸುತ್ತದೆ. ನನಗೆ ಆ ನೋವು ಅರ್ಥವಾಗುತ್ತದೆ. ಆದರೆ ಹಲಗಲಿಯವರು ಹೋರಾಡಿದ್ದು ಪರಕೀಯರ ದಂಡಿನ ಎದುರು. ಇವತ್ತು ಮನೆಯಲ್ಲಿಟ್ಟ ಬಂದೂಕಿನ ಗುಂಡು ಸ್ವಂತ ಮನೆಯ ಕಡೆಗೇ ಹೋಗಬಹುದು.

ಈಗಿನ ಕಾನೂನು 1959ರದು, 2016ರ ನಿಯಮಗಳು, 2019ರ ತಿದ್ದುಪಡಿ ಸೇರಿ. ಜಿಲ್ಲೆಯಲ್ಲಿ ಡಿಸಿ, ಕಮಿಷನರೇಟ್ ಇರುವ ನಗರದಲ್ಲಿ ಪೊಲೀಸ್ ಕಮಿಷನರ್ ಲೈಸೆನ್ಸ್ ಕೊಡುತ್ತಾರೆ. ಅದಕ್ಕೆ ಮೊದಲು ಪೊಲೀಸ್ ವರದಿ, ವೈದ್ಯರ ಸರ್ಟಿಫಿಕೇಟ್, ತರಬೇತಿ ಎಲ್ಲ ಬೇಕು. ಸುರಕ್ಷಿತವಾಗಿ ಇಡುತ್ತೇನೆ ಎಂದು ಬರೆದುಕೊಡಬೇಕು. 2019ರ ನಂತರ ಒಬ್ಬರಿಗೆ ಎರಡೇ ಬಂದೂಕು, ಮೊದಲು ಮೂರಿತ್ತು. ಮದುವೆ, ಮೆರವಣಿಗೆಯಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಮೇಲೆ ಹೋದ ಗುಂಡು ಆಕಾಶದಲ್ಲೇ ಉಳಿಯುವುದಿಲ್ಲ. ಚುನಾವಣೆ ಬಂದರೆ ಲೈಸೆನ್ಸ್ ಬಂದೂಕುಗಳನ್ನು ಠಾಣೆಯಲ್ಲಿ ಇಡಲು ಆದೇಶ ಬರುತ್ತದೆ. ಊರಿನ ಮನಸ್ಸು ಕಾದಿರುವ ದಿನಗಳಲ್ಲಿ ಬಂದೂಕು ದೂರ ಇರಲಿ ಅನ್ನುವ ಲೆಕ್ಕ ಅದು. ಆಯಿ ಜೋಳದ ಚೀಲದಲ್ಲಿ ಮಾಡಿದ್ದನ್ನೇ ಡಿಸಿ ಆದೇಶದಲ್ಲಿ ಮಾಡುತ್ತಾರೆ.

ಹೊಲಕ್ಕೆ ಹಂದಿ ನುಗ್ಗುವ ಚಿಂಚೋಳಿ ಕಡೆಯ ರೈತನ ಬಂದೂಕಿನ ಬಗ್ಗೆ ನನ್ನದು ತಕರಾರಿಲ್ಲ. ಬೆಳೆ ಕಾಯಲು ಕಾನೂನಿನಲ್ಲೇ ಜಾಗ ಇದೆ. ಅದು ಬೀಗದಲ್ಲಿರಲಿ, ಕಾಡತೂಸು ಬೇರೆ ಕಡೆ ಇರಲಿ, ಕೀಲಿ ಬೇರೆಯವರ ಹತ್ತಿರ ಇರಲಿ. ಮನೆಯಲ್ಲಿ ಯಾರಿಗಾದರೂ ಮನಸ್ಸು ಸರಿ ಇಲ್ಲದಿದ್ದರೆ, ಕುಡಿತ ಜಾಸ್ತಿಯಾಗಿದ್ದರೆ, ಅದು ಕೆಲ ತಿಂಗಳು ಠಾಣೆಯಲ್ಲೋ ಲೈಸೆನ್ಸ್ ಇರುವ ಆಯುಧದ ಅಂಗಡಿಯಲ್ಲೋ ಇರಲಿ. ಕ್ರಿಮಿನಾಶಕದ ಡಬ್ಬಿಗೂ ಇದೇ ಬೀಗ ಬೇಕು.

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಎರಡು ಸಲ ಚಹಾ ಆಗಿತ್ತು. ಗಂಜಿನಿಂದ ಕೈಯಲ್ಲಿ ಹಣ ತರುವುದನ್ನು ಅವನು ಈಗ ಬಹಳ ಕಡಿಮೆ ಮಾಡಿದ್ದಾನೆ. ಜಾಸ್ತಿ ವ್ಯವಹಾರ ಬ್ಯಾಂಕ್ ಖಾತೆಗೇ ಹೋಗುತ್ತದೆ. ತರಲೇಬೇಕಾದ ದಿನ ಇಬ್ಬರು ಹೋಗುತ್ತಾರೆ, ಹೊತ್ತು ಮುಳುಗುವ ಮೊದಲೇ. ಲೈಸೆನ್ಸಿನ ಅರ್ಜಿ ತುಂಬಿ ಇಟ್ಟಿದ್ದಾನೆ, ಅಂಗಡಿಯ ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾಯರ್‌ನಲ್ಲಿ. ಇನ್ನೂ ಕೊಟ್ಟಿಲ್ಲ. ಹರಿದೂ ಹಾಕಿಲ್ಲ.